ಕಬ್ಬಿಣದ ಬಾಯಿಗೊಂದು ಹನಿ ಎಣ್ಣೆ

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಯಮನೂರು ನನ್ನ ಹುಟ್ಟೂರು. ಊರ ಹೆಸರು ಹೇಳಿದೊಡನೆ ನಮ್ಮ ಭಾಗದ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ನೀರಿನಿಂದ ದೀಪ ಹಚ್ಚುವ ಊರಲ್ಲವೇ?" ಹೌದು, ಅದೇ ಊರು. ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ಕರೆದು ನಡೆದುಕೊಳ್ಳುವ ಸಂತನ ಸನ್ನಿಧಿ ನಮ್ಮೂರಿನಲ್ಲಿದೆ. ಬೇಸಿಗೆಯ ಆರಂಭದಲ್ಲಿ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಉರುಸಿನ ಸಮಯದಲ್ಲಿ ಬೆಣ್ಣೆಹಳ್ಳದ ನೀರನ್ನು ತಂದು ದೀಪ ಬೆಳಗಿಸುವುದು ಇಲ್ಲಿಯ ಸಂಪ್ರದಾಯ. ಆ ಹಳ್ಳದಲ್ಲಿ ಮಿಂದರೆ ಚರ್ಮರೋಗಗಳು ಗುಣವಾಗುತ್ತವೆಂಬ ನಂಬಿಕೆಯಿಂದ ದೂರದೂರದ ಭಕ್ತರು ಬರುತ್ತಾರೆ. ನಂಬಿಕೆಯನ್ನು ಪರೀಕ್ಷಿಸಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಆದರೆ ನೀರು ಮತ್ತು ಎಣ್ಣೆ ಎಂಬ ಎರಡು ಪದಾರ್ಥಗಳು ಬಾಲ್ಯದಿಂದಲೂ ನನ್ನ ಮನಸ್ಸಿನಲ್ಲಿ ಜೋಡಿಯಾಗಿ ಕುಳಿತಿರುವುದಕ್ಕೆ ಆ ದೀಪವೇ ಮೊದಲ ಕಾರಣ. ಎರಡನೆಯ ಕಾರಣ ನನ್ನದೇ ಒಂದು ತಪ್ಪು. ಅದನ್ನು ಇಂದು ಹೇಳಿಬಿಡುತ್ತೇನೆ.

1976ನೆಯ ಇಸವಿ. ನಾನಾಗ ಪಿಯುಸಿ ವಿದ್ಯಾರ್ಥಿ. ನಮ್ಮ ತಂದೆಯವರು ಊರಿನಲ್ಲಿ ಆಯಿಲ್ ಎಂಜಿನ್ನಿನಿಂದ ನಡೆಯುವ ಒಂದು ಹಿಟ್ಟಿನ ಗಿರಣಿಯನ್ನು ಇಟ್ಟುಕೊಂಡಿದ್ದರು. ನಮ್ಮದು ಎರಿ ಭೂಮಿ, ಬಿಳಿಜೋಳದ ನಾಡು. ಜೋಳದ ಹಿಟ್ಟನ್ನು ತಿಂಗಳುಗಟ್ಟಲೆ ಬೀಸಿ ಇಡುವಂತಿಲ್ಲ, ಹಳತಾದರೆ ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಹೀಗಾಗಿ ಗಿರಣಿಯ ಮುಂದೆ ಬುಟ್ಟಿಗಳ ಸಾಲು ತಪ್ಪುತ್ತಿರಲಿಲ್ಲ. ಉರುಸು ಬಂತೆಂದರೆ ಮನೆಮನೆಗೆ ಬೀಗರು, ನೆಂಟರು. ಆಗಂತೂ ಗಿರಣಿ ಬೆಳಗಿನಿಂದ ರಾತ್ರಿಯವರೆಗೆ ತಿರುಗುತ್ತಿತ್ತು.

ಅಂಥ ದಿನಗಳಲ್ಲಿಯೇ ಒಂದು ಬೆಳಿಗ್ಗೆ ಗಿರಣಿಯ ಶಾಫ್ಟಿನ ತುದಿಯಲ್ಲಿ ಪುಲ್ಲಿಯನ್ನು ಹಿಡಿದಿಟ್ಟಿದ್ದ ನಾಲ್ಕು ಸೂತಿನ ಬೋಲ್ಟು ಸಡಿಲಾಗಿ ಚೂಡಿ ತಿಂದುಹೋಯಿತು. ಸೂತು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ನಮ್ಮ ಕಡೆಯ ಬಡಿಗರೂ ಫಿಟ್ಟರುಗಳೂ ಅಳತೆ ಹೇಳುತ್ತಿದ್ದುದು ಸೂತಿನಲ್ಲಿಯೇ. ತೂತನ್ನು ಹಿಗ್ಗಿಸಿ ಐದು ಸೂತಿನ ಹೊಸ ಚೂಡಿ ಕೊರೆಯುವುದೊಂದೇ ದಾರಿಯಾಗಿತ್ತು. ಗಿರಣಿ ನಡೆಸುತ್ತಿದ್ದ ನಮ್ಮ ಆಳುಮಗ ಎದೆಗೆ ಒತ್ತಿಕೊಂಡು ತಿರುಗಿಸುವ ಕೈ ಡ್ರಿಲ್ಲಿನಿಂದ ಅರ್ಧ ದಿನ ಶ್ರಮಪಟ್ಟು ತೂತನ್ನು ಸಿದ್ಧಪಡಿಸಿದ. ನವಲಗುಂದದಿಂದ ಎರವಲು ತಂದ ಟ್ಯಾಪು ಅಲ್ಲಿಯೇ ಇತ್ತು. "ಮನಿಗೆ ಹೋಗಿ ಎಣ್ಣಿ ತರ್ತೇನ್ರಿ ಸಣ್ಣ ಧಣ್ಯಾರ, ಅಲ್ಲೀತನಕ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದ. ಹೊರಗೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ವಿಜ್ಞಾನ ಓದುತ್ತಿದ್ದ ಹುಡುಗನೆಂಬ ಹಮ್ಮು ನನಗಿತ್ತು. ಟ್ಯಾಪನ್ನು ತೂತಿಗಿಟ್ಟು, ಒಂದು ಹನಿ ಎಣ್ಣೆಯೂ ಇಲ್ಲದೆ, ಹಿಂದಕ್ಕೆ ತಿರುಗಿಸದೆ, ಒಂದೇ ಸಮನೆ ಮುಂದಕ್ಕೆ ತಿರುಗಿಸುತ್ತ ಹೋದೆ. ಮೂರನೆಯ ಸುತ್ತಿಗೆ ಬಿಗಿಯಾಯಿತು. ನಾಲ್ಕನೆಯದಕ್ಕೆ ಕಿರುಗುಟ್ಟಿತು. ಇನ್ನೂ ಬಲ ಹಾಕಿದೆ. ಟಣ್ ಎಂಬ ಸದ್ದಾಯಿತು, ಹಿಡಿ ನನ್ನ ಕೈಯಲ್ಲಿ ಉಳಿಯಿತು, ಟ್ಯಾಪಿನ ಅರ್ಧ ಶಾಫ್ಟಿನೊಳಗೆ ಉಳಿಯಿತು.

ತಂದೆಯವರು ಬಂದು ನೋಡಿದರು. ಆಳುಮಗನೇ ಮುರಿದನೆಂದು ತಿಳಿದು ಬುಟ್ಟಿಯ ಸಾಲಿನ ಎದುರಿನಲ್ಲಿಯೇ ಅವನನ್ನು ಬೈದರು. ಅವನು ಒಮ್ಮೆ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಬುಟ್ಟಿಗಳು ಎತ್ತಿನ ಬಂಡಿ ಏರಿ ನವಲಗುಂದದ ಗಿರಣಿಗೆ ಹೋದವು.

ಮರುದಿನ ಒಬ್ಬ ವೃದ್ಧರನ್ನು ಕರೆಸಿದರು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾಗಿದ್ದವರು. ಅವರು ಬಂದವರೇ ಶಾಫ್ಟನ್ನು ನೋಡಲಿಲ್ಲ. ಕೆಳಗೆ ಬಿದ್ದಿದ್ದ ಲೋಹದ ಚೂರುಗಳನ್ನು ಅಂಗೈಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದರು. ಸುರುಳಿಯಾಗಿ ಬರಬೇಕಾಗಿದ್ದ ಸಿಪ್ಪೆ ಹರಿದ ಪುಡಿಯಾಗಿ ಬಂದಿತ್ತು. "ಇದಕ್ಕ ಎಣ್ಣಿ ಬಿದ್ದಿಲ್ಲ. ಇದು ಅವಸರದ ಕೈ, ಕೆಲಸಗಾರನ ಕೈ ಅಲ್ಲ" ಎಂದರು. ತಂದೆಯವರು ನನ್ನತ್ತ ತಿರುಗಿದರು. ಇನ್ನು ಸುಮ್ಮನಿರುವುದು ಸಾಧ್ಯವಿರಲಿಲ್ಲ, ಒಪ್ಪಿಕೊಂಡೆ.

ಮುರಿದ ಟ್ಯಾಪನ್ನು ತೆಗೆಯುವುದು ಸುಲಭವಲ್ಲ. ಅದು ಹದಗೊಳಿಸಿದ ಗಡಸು ಉಕ್ಕು, ಸಾಧಾರಣ ಡ್ರಿಲ್ ಬಿಟ್ಟಿಗೆ ಮಣಿಯುವುದಿಲ್ಲ. ಕಾಕಾ ರಾತ್ರಿಯೆಲ್ಲ ತೂತಿನಲ್ಲಿ ಚಿಮಣಿ ಎಣ್ಣೆಯನ್ನು ನೆನೆಬಿಟ್ಟರು. ಮರುದಿನ ಸಣ್ಣ ಮೊನೆಯ ಪಂಚಿನಿಂದ ಟ್ಯಾಪಿನ ಸಂದುಗಳಿಗೆ ಹಿಂದೊಮ್ಮೆ ಮುಂದೊಮ್ಮೆ ಮೆಲ್ಲಗೆ ತಟ್ಟುತ್ತ ಚೂರುಚೂರಾಗಿ ಹೊರತೆಗೆದರು. ಎರಡು ದಿನ ಹಿಡಿಯಿತು. ಆಮೇಲೆ ಹೊಸ ಟ್ಯಾಪನ್ನು ನನ್ನ ಕೈಗೇ ಕೊಟ್ಟರು. ಔಡಲೆಣ್ಣೆಯ ಕುಪ್ಪಿಯನ್ನು ಬಗ್ಗಿಸಿ ಅದರ ಹಲ್ಲಿಗೆ ಎರಡು ಹನಿ ಬಿಟ್ಟರು. "ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ. ಹಿಂದ ಬಂದಾಗ ಸಿಪ್ಪಿ ಮುರೀತೈತಿ, ಎಣ್ಣಿ ಒಳಗ ಇಳೀತೈತಿ. ಕಬ್ಬಣಕ್ಕೂ ನೀರಡಿಕಿ ಆಗ್ತೈತಿ ತಮ್ಮಾ, ಅದರ ಬಾಯಿ ಒಣಗಿಸಬಾರದು" ಎಂದರು. ಮೊನ್ನೆ ಮೈಯೆಲ್ಲ ಬಲ ಹಾಕಿದರೂ ಮಣಿಯದಿದ್ದ ಶಾಫ್ಟು ಅಂದು ಎರಡು ಕೈಬೆರಳುಗಳ ಒತ್ತಾಸೆಗೆ ದಾರಿ ಬಿಟ್ಟುಕೊಟ್ಟಿತು.

ಆ ಎರಡು ಹನಿಗಳ ಹಿಂದೆ ಒಂದು ದೊಡ್ಡ ಇತಿಹಾಸವಿದೆ ಎಂಬುದು ನನಗೆ ತಿಳಿದದ್ದು ಬಿ.ಇಡಿ. ಮುಗಿಸಿ, ಪ್ರೌಢಶಾಲೆಯಲ್ಲಿ ಘರ್ಷಣೆಯ ಪಾಠ ಮಾಡತೊಡಗಿದ ಮೇಲೆ. ಓದುತ್ತ ಹೋದಂತೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಲೋಹ ಕೊರೆಯುವಾಗ ಎಣ್ಣೆ ಹಾಕಬೇಕೆಂಬುದು ಕಸುಬುದಾರರಿಗೆ ತಲೆಮಾರುಗಳಿಂದ ಗೊತ್ತಿತ್ತು. ಪುಸ್ತಕಗಳಿಗೆ ಗೊತ್ತಾದದ್ದು ಬಹಳ ತಡವಾಗಿ.

ಕೊರೆಯುವಿಕೆಯಲ್ಲಿ ಹುಟ್ಟುವ ಶಾಖವನ್ನು ಜಗತ್ತು ಗಂಭೀರವಾಗಿ ಗಮನಿಸಿದ್ದು 1798ರಲ್ಲಿ. ಕೌಂಟ್ ರಂಫರ್ಡ್ ಎಂಬ ವಿಜ್ಞಾನಿ ಜರ್ಮನಿಯ ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಫಿರಂಗಿಗಳನ್ನು ಕೊರೆಯಿಸುತ್ತಿದ್ದಾಗ ಅವು ವಿಪರೀತ ಕಾಯುವುದನ್ನು ಕಂಡ. ಬೇಕೆಂದೇ ಮೊಂಡಾದ ಕೊರೆಯುವ ಆಯುಧವನ್ನು ಕುದುರೆಗಳ ಬಲದಿಂದ ನಡೆಸಿ, ಆ ಭಾಗವನ್ನು ನೀರು ತುಂಬಿದ ಪೆಟ್ಟಿಗೆಯೊಳಗಿಟ್ಟು ಪರೀಕ್ಷಿಸಿದ. ಎರಡೂವರೆ ಗಂಟೆಯಲ್ಲಿ ಆ ನೀರು ಬೆಂಕಿಯೇ ಇಲ್ಲದೆ ಕುದಿಯಿತು. ಶಾಖವೆಂಬುದು ವಸ್ತುವಿನೊಳಗಿನ ಒಂದು ದ್ರವವೆಂಬ ಅಂದಿನ ಸಿದ್ಧಾಂತ ಅಲುಗಾಡಿತು. ಭೌತವಿಜ್ಞಾನದ ಪುಸ್ತಕಗಳಲ್ಲಿ ಈ ಪ್ರಯೋಗಕ್ಕೆ ದೊಡ್ಡ ಸ್ಥಾನವಿದೆ. ಆದರೆ ಆ ಶಾಖ ಆಯುಧಕ್ಕೇನು ಮಾಡುತ್ತದೆ, ಅದನ್ನು ಹೇಗೆ ತಡೆಯಬೇಕು ಎಂಬ ಕೆಲಸಗಾರನ ಪ್ರಶ್ನೆ ಮಾತ್ರ ಅಲ್ಲಿ ಹಾಗೆಯೇ ಉಳಿಯಿತು.

1868ರಲ್ಲಿ ಡಬ್ಲ್ಯು. ಎಚ್. ನಾರ್ತ್‌ಕಾಟ್ ಎಂಬಾತ ಲೇತುಗಳ ಬಗ್ಗೆ ಬರೆದ ಇಂಗ್ಲಿಷ್ ಗ್ರಂಥದಲ್ಲಿ, ದ್ರವಗಳನ್ನು ಬಳಸುವುದರಿಂದ ಕೆಲಸ ಹೆಚ್ಚು ಸಾಗುತ್ತದೆಂಬ ಮಾತು ಬಂತು. ಇದನ್ನು ಅಳೆದು ತೂಗಿ ಲೆಕ್ಕಕ್ಕೆ ತಂದವನು ಅಮೆರಿಕದ ಎಫ್. ಡಬ್ಲ್ಯು. ಟೇಲರ್. 1880ರ ದಶಕದಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಆತ ಆರಂಭಿಸಿದ ಪ್ರಯೋಗಗಳು 26 ವರ್ಷ ನಡೆದವು. ಎಂಟು ಲಕ್ಷ ಪೌಂಡಿಗೂ ಹೆಚ್ಚು ಕಬ್ಬಿಣ ಮತ್ತು ಉಕ್ಕು ಅವುಗಳಲ್ಲಿ ಸಿಪ್ಪೆಯಾಯಿತು. ಆಯುಧದ ಬಾಯಿಯಲ್ಲಿ ಸಿಪ್ಪೆ ಏಳುವ ಜಾಗಕ್ಕೆ ನೇರವಾಗಿ ನೀರಿನ ದೊಡ್ಡ ಧಾರೆಯನ್ನು ಬಿಟ್ಟರೆ ಯಂತ್ರವನ್ನು ಶೇಕಡಾ 30ರಿಂದ 40ರಷ್ಟು ಹೆಚ್ಚು ವೇಗದಲ್ಲಿ ನಡೆಸಬಹುದೆಂದು ಆತ ತೋರಿಸಿಕೊಟ್ಟ. ಬರಿಯ ನೀರಿನಿಂದ ತುಕ್ಕು ಹಿಡಿಯುತ್ತದೆಂದು ಅದರಲ್ಲಿ ಸೋಡಾ ಬೆರೆಸಿದ. ಈ ಪ್ರಯೋಗಗಳ ಫಲವನ್ನು 1906ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಮಂಡಿಸಿದ.

ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಟೇಲರನು ಹಾಕಿದ್ದು ನೀರು, ಕಾಕಾ ಹಾಕಿದ್ದು ಎಣ್ಣೆ. ಯಾವುದು ಸರಿ? ನನ್ನನ್ನೂ ಈ ಪ್ರಶ್ನೆ ಬಹುಕಾಲ ಕಾಡಿತ್ತು. ಉತ್ತರವೆಂದರೆ ಎರಡೂ ಸರಿ, ಅವುಗಳ ಜಾಗ ಮಾತ್ರ ಬೇರೆ.

ಯಂತ್ರದಲ್ಲಿ ವೇಗವೇ ಮುಖ್ಯ, ಆದ್ದರಿಂದ ಶಾಖವೇ ಶತ್ರು. ಹಳೆಯ ಕಾಲದ ಇಂಗಾಲದ ಉಕ್ಕಿನ ಆಯುಧ ಇನ್ನೂರು ಡಿಗ್ರಿ ಸೆಲ್ಸಿಯಸ್ಸನ್ನು ಬಹಳ ದಾಟುವಂತಿರಲಿಲ್ಲ, ದಾಟಿದರೆ ಹದ ಕಳೆದುಕೊಂಡು ಮೆತ್ತಗಾಗುತ್ತಿತ್ತು. ಶಾಖವನ್ನು ಹೀರಿಕೊಳ್ಳುವುದರಲ್ಲಿ ನೀರಿಗೆ ಸಮನಾದ ಅಗ್ಗದ ವಸ್ತು ಬೇರೊಂದಿಲ್ಲ. ಕೈಗೆಲಸದಲ್ಲಾದರೋ ವೇಗ ಅತ್ಯಲ್ಪ. ಟ್ಯಾಪು ನಿಮಿಷಕ್ಕೆ ಕೆಲವು ಸುತ್ತು ತಿರುಗಿದರೆ ಹೆಚ್ಚು. ಅಲ್ಲಿ ಸುಡುವ ಶಾಖವಿಲ್ಲ, ಆದರೆ ವಿಪರೀತ ಒತ್ತಡವಿದೆ. ಟ್ಯಾಪಿನ ಹಲ್ಲು ಉಕ್ಕಿನ ಸಿಪ್ಪೆಯನ್ನು ಎಬ್ಬಿಸಿದಾಗ ಅದರ ಕೆಳಗೆ ಕಾಣುವುದು ಗಾಳಿಯನ್ನೇ ಕಂಡಿರದ ಹೊಚ್ಚಹೊಸ ಲೋಹ. ನಾವು ದಿನನಿತ್ಯ ಮುಟ್ಟುವ ಕಬ್ಬಿಣದ ಮೇಲೆ ಗಾಳಿಯ ಆಮ್ಲಜನಕದಿಂದಾದ ಒಂದು ತೆಳುಪೊರೆ ಸದಾ ಇರುತ್ತದೆ. ಎರಡು ಕಬ್ಬಿಣದ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವುದು ಆ ಪೊರೆಯೇ. ಹೊಸ ಲೋಹಕ್ಕೆ ಆ ರಕ್ಷಣೆಯಿಲ್ಲ. ಒತ್ತಡಕ್ಕೆ ಸಿಕ್ಕಿದ ಕೂಡಲೇ ಅದು ಟ್ಯಾಪಿನ ಹಲ್ಲಿಗೆ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತದೆ. ಅಂಟಿದ ತುಣುಕಿನ ಮೇಲೆ ಮತ್ತೊಂದು ಅಂಟುತ್ತದೆ. ಹಲ್ಲು ಮೊಂಡಾಗುತ್ತದೆ, ಕೊರೆಯುವ ಬದಲು ಹರಿಯುತ್ತದೆ, ಬಿಗಿ ಏರುತ್ತದೆ. ಕೊನೆಗೆ ಗಡಸಾದರೂ ಬಗ್ಗಲಾರದ ಟ್ಯಾಪು ಮುರಿಯುತ್ತದೆ. ನನ್ನ ಕೈಯಲ್ಲಿ ನಡೆದದ್ದು ಅಕ್ಷರಶಃ ಇದೇ.

ಎಣ್ಣೆ ಇಲ್ಲಿ ಏನು ಮಾಡುತ್ತದೆ? 1922ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ಡಿ ಮತ್ತು ಐಡಾ ಡಬಲ್‌ಡೇ ಇದನ್ನು ವಿವರಿಸಿದರು. ಎಣ್ಣೆಯ ದಪ್ಪ ಪದರವೆಲ್ಲ ಹಿಂಡಿ ಹೋದ ಮೇಲೂ ಕೆಲವು ಎಣ್ಣೆಗಳ ಅಣುಗಳು ಲೋಹದ ಮೈಗೆ ಕಚ್ಚಿಕೊಂಡು ನಿಲ್ಲುತ್ತವೆ. ಅಣುವಿನ ಒಂದು ತುದಿ ಲೋಹವನ್ನು ಹಿಡಿಯುತ್ತದೆ, ಇನ್ನೊಂದು ತುದಿ ಹೊರಗೆ ಚಾಚುತ್ತದೆ, ಪಾದರಕ್ಷೆಯಿಲ್ಲದ ಲೋಹಕ್ಕೆ ಒಂದು ಪಾದರಕ್ಷೆಯಾಗುತ್ತದೆ. ಪ್ರಾಣಿಗಳ ಕೊಬ್ಬಿಗೂ ಸಸ್ಯಗಳ ಎಣ್ಣೆಗೂ ಈ ಗುಣ ಹುಟ್ಟಿನಿಂದಲೇ ಬಂದಿದೆ. ನೆಲದಿಂದ ತೆಗೆದ ಶುದ್ಧ ಖನಿಜ ತೈಲಕ್ಕೆ ಅದು ಕಡಿಮೆ. ಆದ್ದರಿಂದಲೇ ಕಾರ್ಖಾನೆಗಳ ಕಟಿಂಗ್ ಆಯಿಲಿಗೆ ಗಂಧಕವನ್ನೋ ಕೊಬ್ಬನ್ನೋ ಬೆರೆಸುವ ಪದ್ಧತಿ ಬಂತು. ಔಡಲೆಣ್ಣೆಯಂತೂ ಈ ವಿಷಯದಲ್ಲಿ ಅಗ್ರಗಣ್ಯ. ಅದರ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 85ಕ್ಕೂ ಹೆಚ್ಚಿನ ಪಾಲಾದ ರಿಸಿನೋಲಿಯಿಕ್ ಆಮ್ಲಕ್ಕೆ ಲೋಹವನ್ನು ಹಿಡಿಯಲು ಒಂದು ಕೈ ಹೆಚ್ಚಿಗೆ ಇದೆ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳು ತಿರುಗಿದ್ದು ಈ ಎಣ್ಣೆಯಿಂದಲೇ. ಕ್ಯಾಸ್ಟ್ರಾಲ್ ಎಂಬ ಜಗತ್ಪ್ರಸಿದ್ಧ ಹೆಸರಿನಲ್ಲಿ ಅಡಗಿರುವುದೂ ಔಡಲದ ಇಂಗ್ಲಿಷ್ ಹೆಸರೇ. ನಮ್ಮ ಅಜ್ಜಿಯರು ಮಕ್ಕಳ ಹೊಟ್ಟೆ ತೊಳೆಯಲು ಕೊಡುತ್ತಿದ್ದ, ರೈತರು ಬಂಡಿಯ ಕೀಲಿಗೆ ಹಾಕುತ್ತಿದ್ದ ಎಣ್ಣೆಗೆ ಇಷ್ಟೆಲ್ಲ ಪ್ರತಾಪವಿದೆ.

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬ ಕಾಕಾರ ಮಾತಿನ ಮರ್ಮವೂ ಆಗ ಹೊಳೆಯಿತು. ಮುಂದೆ ಹೋಗುತ್ತಿರುವಾಗ ಹಲ್ಲು ಲೋಹಕ್ಕೆ ಒತ್ತಿಕೊಂಡಿರುತ್ತದೆ, ಎಣ್ಣೆ ನುಸುಳಲು ಸಂದಿಲ್ಲ. ಹಿಂದೆ ಸರಿದಾಗ ಸಿಪ್ಪೆ ತುಂಡಾಗುತ್ತದೆ, ಸಂದು ತೆರೆಯುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಹಾರ್ಡಿಯವರ ಪ್ರಬಂಧವನ್ನು ಓದದ ಕೈ ಹಾರ್ಡಿಯವರ ತತ್ತ್ವವನ್ನು ದಿನವೂ ಪಾಲಿಸುತ್ತಿತ್ತು.

ಈ ಜ್ಞಾನ ನಮ್ಮ ಸೀಮೆಗೆ ಬಂದ ಬಗೆಯೂ ತಿಳಿಯತಕ್ಕದ್ದು. ನಮ್ಮ ಕಂಬಾರರು ಶತಮಾನಗಳಿಂದ ಕುಳ, ಕುಡುಗೋಲು, ಬಂಡಿಯ ಪಟ್ಟಿಗಳನ್ನು ಮಾಡುತ್ತಲೇ ಬಂದಿದ್ದರು. ಆದರೆ ಅವರ ಕೆಲಸ ಬಹುಮಟ್ಟಿಗೆ ಬಿಸಿ ಕಬ್ಬಿಣದ ಕೆಲಸ. ಕಾಸಿ ಬಡಿದು ಕತ್ತರಿಸುವಲ್ಲಿ ಎಣ್ಣೆಗೆ ಅವಕಾಶ ಕಡಿಮೆ. ತಣ್ಣಗಿನ ಉಕ್ಕನ್ನು ಅಳತೆಗೆ ಸರಿಯಾಗಿ ಕೊರೆಯುವ, ಒಬ್ಬ ಮಾಡಿದ ಬೋಲ್ಟಿಗೆ ಇನ್ನೊಬ್ಬ ಮಾಡಿದ ನಟ್ಟು ಕೂಡುವ ಕಸುಬು ಬೇರೆಯೇ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಚೂಡಿಗಳಿಗೆ ಒಂದೇ ಅಳತೆಯನ್ನು ಪ್ರಸ್ತಾಪಿಸಿದ ಮೇಲೆ ಅದು ವ್ಯವಸ್ಥಿತವಾಯಿತು. ನಮ್ಮ ಗಿರಣಿಯ ಬೋಲ್ಟುಗಳೂ ವಿಟ್‌ವರ್ತ್ ಅಳತೆಯವೇ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲಿಯೇ ಹುಬ್ಬಳ್ಳಿಗೆ ರೈಲನ್ನು ತಂದಿತು, ಅಲ್ಲಿಯೇ ದುರಸ್ತಿ ಕಾರ್ಖಾನೆಯನ್ನೂ ಕಟ್ಟಿತು. ಸುತ್ತಲಿನ ಹಳ್ಳಿಗಳ ಹುಡುಗರು ಅಲ್ಲಿ ಸೇರಿ ಅರ, ಉಳಿ, ಟ್ಯಾಪು ಹಿಡಿಯುವುದನ್ನು ಕಲಿತರು. ನಿವೃತ್ತರಾದ ಮೇಲೆ ಅದೇ ವಿದ್ಯೆ ಅವರ ಜತೆ ಹಳ್ಳಿಗಳಿಗೆ ಮರಳಿತು. ಗಿರಣಿ, ಪಂಪುಸೆಟ್ಟು, ಹತ್ತಿಯ ಜಿನ್ನುಗಳು ನಡೆದದ್ದು ಅಂಥವರ ಕೈಗಳಿಂದ.

ಇನ್ನೊಂದು ಹೊಳೆ ಬೆಳಗಾವಿಯ ಕಡೆಯಿಂದ ಹರಿಯಿತು. ಆ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1903ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಕಾಯಬೇಕಾಯಿತಂತೆ. 1910ರಲ್ಲಿ ಅವರ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಕನ್ನಡ ನೆಲದಲ್ಲಿಯೇ ಲೇತುಗಳು ತಯಾರಾದವು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಬಂತು. ಆ ಲೇತುಗಳ ಮೇಲೆ ಹರಿಯುವ ಹಾಲಿನಂಥ ಬಿಳಿಯ ದ್ರವವನ್ನು ಕಾರ್ಖಾನೆ ನೋಡಿದವರೆಲ್ಲ ಕಂಡಿರುತ್ತೀರಿ. ಅದು ಹಾಲಲ್ಲ, ನೀರಿನಲ್ಲಿ ಕದಡಿದ ಎಣ್ಣೆ. ಸಾಬೂನಿನಂಥ ಒಂದು ಪದಾರ್ಥದ ನೆರವಿನಿಂದ ನೀರು ಎಣ್ಣೆಗಳು ಅಲ್ಲಿ ಜಗಳ ಬಿಟ್ಟು ಒಂದಾಗಿವೆ. ನೀರು ತಣಿಸುತ್ತದೆ, ಎಣ್ಣೆ ಜಾರಿಸುತ್ತದೆ.

ಯುವಕರಿಗೆ ಉಪಯೋಗವಾಗಲೆಂದು ಕಾಕಾರಿಂದಲೂ ಆಮೇಲಿನ ಓದಿನಿಂದಲೂ ನಾನು ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತೇನೆ. ಎಲ್ಲ ಲೋಹಕ್ಕೂ ಒಂದೇ ಎಣ್ಣೆಯಲ್ಲ. ಉಕ್ಕಿಗೆ ಔಡಲೆಣ್ಣೆಯಂಥ ಜಿಗುಟು ಎಣ್ಣೆ ಅಥವಾ ಅಂಗಡಿಯ ಕಟಿಂಗ್ ಆಯಿಲ್ ಬೇಕು. ಅಲ್ಯುಮಿನಿಯಮ್ ಮೆತ್ತನೆಯದು, ಹಲ್ಲಿಗೆ ಬೇಗ ಮೆತ್ತಿಕೊಳ್ಳುತ್ತದೆ, ಅದಕ್ಕೆ ಚಿಮಣಿ ಎಣ್ಣೆ ಹೊಂದುತ್ತದೆ. ತಾಮ್ರವನ್ನು ಕೊರೆಯಲು ಹಿಂದಿನವರು ಹಾಲನ್ನೂ ಬಳಸುತ್ತಿದ್ದರು, ಹಾಲಿನಲ್ಲಿಯೂ ನೀರು ಮತ್ತು ಕೊಬ್ಬು ಕೂಡಿಯೇ ಇವೆಯಲ್ಲವೇ? ಹಿತ್ತಾಳೆಯನ್ನು ಒಣದಾಗಿಯೇ ಕೊರೆಯಬಹುದು. ಬೀಡು ಕಬ್ಬಿಣಕ್ಕೆ ಎಣ್ಣೆ ಹಾಕದಿರುವುದೇ ಸಾಮಾನ್ಯ ಪದ್ಧತಿ. ಅದರೊಳಗೆ ಗ್ರಾಫೈಟಿನ ಪದರಗಳಿದ್ದು ಅವೇ ಎಣ್ಣೆಯ ಕೆಲಸ ಮಾಡುತ್ತವೆ. ಮೇಲಾಗಿ ಅದರ ಪುಡಿಗೆ ಎಣ್ಣೆ ಬಿದ್ದರೆ ಕೆಸರಾಗಿ ಆಯುಧವನ್ನೇ ಸವೆಸುತ್ತದೆ.

ಹ್ಯಾಕ್ಸಾ ಬ್ಲೇಡಿನ ಹಲ್ಲುಗಳು ಮುಂದಕ್ಕೆ ನೋಡುತ್ತಿರಬೇಕು, ಏಕೆಂದರೆ ಅದು ಕೊಯ್ಯುವುದು ಮುಂದಕ್ಕೆ ತಳ್ಳುವಾಗ. ಹಿಂದಕ್ಕೆ ತರುವಾಗ ಒತ್ತಬಾರದು. ಇಂಚಿಗೆ 18, 24, 32 ಹಲ್ಲುಗಳ ಬ್ಲೇಡುಗಳು ಸಿಗುತ್ತವೆ. ತಗಡು ತೆಳುವಾದಷ್ಟೂ ಹಲ್ಲು ಸಣ್ಣದಿರಬೇಕು. ನಿಮಿಷಕ್ಕೆ ಐವತ್ತು ಸಲ ಎಳೆದರೆ ಸಾಕು, ಅವಸರದಿಂದ ಹಲ್ಲು ಸುಟ್ಟುಹೋಗುತ್ತದೆ. ಉಕ್ಕಿನ ದಪ್ಪ ಸಲಾಕೆಯಾದರೆ ನಡುನಡುವೆ ಒಂದು ಹನಿ ಎಣ್ಣೆ ಬಿಡಬೇಕು, ಇಲ್ಲವೇ ಬ್ಲೇಡಿಗೆ ಮೇಣದ ಬತ್ತಿಯನ್ನು ಉಜ್ಜಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಎಂಜಿನ್ನಿನಿಂದ ಹೊರತೆಗೆದ ಕರಿ ಎಣ್ಣೆ ಪುಕ್ಕಟೆ ಸಿಗುತ್ತದೆಂದು ಅದನ್ನು ಬಳಸಬೇಡಿರಿ. ಸರಿಯಾಗಿ ಶುದ್ಧಿಗೊಳಿಸದ ಖನಿಜ ತೈಲ ವರ್ಷಗಟ್ಟಲೆ ಮೈಗೆ ತಾಗಿದರೆ ಚರ್ಮದ ಕ್ಯಾನ್ಸರ್ ಬರುತ್ತದೆಂಬುದು ಇಂಗ್ಲೆಂಡಿನ ನೂಲಿನ ಗಿರಣಿಗಳ ಕೆಲಸಗಾರರಲ್ಲಿ 1920ರ ದಶಕದಲ್ಲಿಯೇ ಕಂಡುಬಂದ ಸತ್ಯ.

ಎಣ್ಣೆ ಹಾಕಲೇಬಾರದ ಆಯುಧವೂ ಒಂದಿದೆ, ಅದು ಅರ. ಅರದಿಂದ ಉಜ್ಜುವಾಗ ಎಣ್ಣೆ ತಾಗಿದರೆ ಅದು ಕಚ್ಚದೆ ಜಾರುತ್ತದೆ, ಸಿಪ್ಪೆ ಹಲ್ಲುಗಳ ಸಂದಿಯಲ್ಲಿ ಕಚ್ಚಿಕೊಂಡು ಕೆಲಸದ ಮೇಲೆ ಗೀರು ಮೂಡಿಸುತ್ತದೆ. ಅರಕ್ಕೆ ಬೇಕಾದದ್ದು ಸೀಮೆಸುಣ್ಣ. ಹಲ್ಲುಗಳಿಗೆ ಸೀಮೆಸುಣ್ಣ ಉಜ್ಜಿದರೆ ಸಂದಿಯಲ್ಲಿ ಸಿಪ್ಪೆ ಕೂರುವುದಿಲ್ಲ. ಅಂದು ಕಾಕಾ ಶಾಫ್ಟಿನ ಬಾಯಿಯನ್ನು ಅರದಿಂದ ಸಾಫು ಮಾಡುವ ಮುನ್ನ ಸೀಮೆಸುಣ್ಣ ಕೇಳಿದಾಗ ನನಗೆ ನಗೆ ಬಂದಿತ್ತು. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದೇ ಅನ್ನ ತಿಂದೆ. ಕರಿಹಲಗೆಯ ಮೇಲೆ ಬರೆಯುವಾಗ ಎಷ್ಟೋ ಸಲ ಆ ಅರ ನೆನಪಾದದ್ದುಂಟು.

ನನ್ನ ಮನಸ್ಸನ್ನು ಇಂದಿಗೂ ಚುಚ್ಚುವ ವಿಚಾರ ಇಲ್ಲಿಯೇ ಇದೆ. ಘರ್ಷಣೆಯ ಪಾಠವನ್ನು ನಾನು ವರ್ಷವರ್ಷವೂ ಮಾಡಿದೆ. ಘರ್ಷಣೆಯನ್ನು ಕಡಿಮೆ ಮಾಡುವ ಉಪಾಯಗಳು ಯಾವುವು ಎಂದು ಕೇಳಿದರೆ, ಎಣ್ಣೆ, ಗ್ರೀಸು, ಬಾಲ್ ಬೇರಿಂಗು ಎಂದು ಮಕ್ಕಳು ಕಂಠಪಾಠ ಒಪ್ಪಿಸುತ್ತಿದ್ದರು, ಅಂಕ ಪಡೆಯುತ್ತಿದ್ದರು. ಅವರಲ್ಲಿ ಕಂಬಾರರ ಮಕ್ಕಳಿದ್ದರು, ಮೆಕ್ಯಾನಿಕರ ಮಕ್ಕಳಿದ್ದರು. ಅಂಕ ಕಡಿಮೆ ಬಂದ ಅಂಥ ಹುಡುಗರನ್ನು ನಾವು ದಡ್ಡರೆಂದೆವು. ಅವರಲ್ಲಿ ಒಬ್ಬ ಹುಡುಗ ತನ್ನ ತಂದೆಯ ಬಳಿ ನೋಡಿದ್ದನ್ನು ಒಮ್ಮೆ ಎದ್ದು ಹೇಳಲು ಹೊರಟಾಗ, ಪಾಠ ಮುಗಿಸುವ ಅವಸರದಲ್ಲಿ ನಾನೇ ಅವನನ್ನು ಕೂರಿಸಿದ್ದೆ. ಅದೂ ಎಣ್ಣೆಯಿಲ್ಲದ ಟ್ಯಾಪೇ ಆಗಿತ್ತು. ಟೇಲರನ ಬಗ್ಗೆಯೂ ಇತಿಹಾಸಕಾರರ ಆಕ್ಷೇಪ ಇಂಥದ್ದೇ. ಕೆಲಸಗಾರರ ಕೈಯಲ್ಲಿದ್ದ ತಿಳಿವಳಿಕೆಯನ್ನು ಆತ ಕಾಗದಕ್ಕೆ ಇಳಿಸಿ ಮೇಲಧಿಕಾರಿಗಳ ಕೈಗೆ ಕೊಟ್ಟ, ಕೆಲಸಗಾರನಿಗೆ ಹೇಳಿದಷ್ಟು ಮಾಡುವುದು ಮಾತ್ರ ಉಳಿಯಿತು ಎಂದು ಅವರು ಹೇಳುತ್ತಾರೆ. ಜ್ಞಾನ ಕಾಗದಕ್ಕೆ ಬರುವುದು ತಪ್ಪಲ್ಲ, ಬಂದದ್ದರಿಂದಲೇ ನಾನು ಇದನ್ನು ಬರೆಯಬಲ್ಲೆ. ಆದರೆ ಕಾಗದಕ್ಕೆ ಬಂದ ಮೇಲೆ ಕೈಯನ್ನು ಮರೆಯುವುದು ತಪ್ಪು.

ಇಂದಿನ ಕಾರ್ಖಾನೆಗಳು ಮತ್ತೆ ಹನಿಯ ಲೆಕ್ಕಕ್ಕೆ ಮರಳುತ್ತಿರುವುದು ಸೋಜಿಗ. ಕೊಡಗಟ್ಟಲೆ ದ್ರವ ಸುರಿದು, ಅದನ್ನು ಎಲ್ಲಿ ಚೆಲ್ಲುವುದೆಂದು ಪರದಾಡುವ ಬದಲು, ಗಂಟೆಗೆ ನೂರು ಮಿಲಿಲೀಟರಿಗಿಂತಲೂ ಕಡಿಮೆ ಎಣ್ಣೆಯನ್ನು ಗಾಳಿಯೊಡನೆ ಮಂಜಿನಂತೆ ಆಯುಧದ ಬಾಯಿಗೆ ಊದುವ ವಿಧಾನ ಬಳಕೆಗೆ ಬಂದಿದೆ. ಅದಕ್ಕೆ ಬಹಳ ಕಡೆ ಬಳಸುವುದು ಸಸ್ಯಮೂಲದ ಎಣ್ಣೆಯನ್ನೇ. ಕಾಕಾರ ಔಡಲೆಣ್ಣೆಯ ಕುಪ್ಪಿ ಯಂತ್ರದೊಳಗೆ ಸೇರಿದಂತಾಯಿತು.

ಗಿರಣಿ ಮೂರನೆಯ ದಿನ ಸಂಜೆ ತಿರುಗಿತು. ತಂದೆಯವರು ಆಳುಮಗನನ್ನು ಕರೆದು, ಬೈದ ಜಾಗದಲ್ಲಿಯೇ ನಿಂತು, "ನಂದ ತಪ್ಪಾತಪಾ" ಎಂದರು. ನಾನು ಅವನೆದುರು ನಿಂತು ಅದೇ ಮಾತನ್ನು ಆಡಲು ನನಗೆ ಮತ್ತೆರಡು ವರ್ಷ ಬೇಕಾದವು. ಅವನು ನಕ್ಕು, "ಅದನ್ನ ನಾ ಅವತ್ತ ಮರತೇನ್ರಿ" ಎಂದ. ಕಾಕಾ ತಮ್ಮ ಕೂಲಿಯನ್ನೂ ಟ್ಯಾಪಿನ ಬೆಲೆಯನ್ನೂ ಎಣಿಸಿಕೊಂಡರು. ಎಣ್ಣೆಗೆಷ್ಟು ಎಂದು ತಂದೆಯವರು ಕೇಳಿದರೆ, "ಎರಡು ಹನಿಗೆ ಏನ್ ರೊಕ್ಕಾರಿ" ಎಂದು ಕುಪ್ಪಿಯ ಬಾಯಿಗೆ ಬಟ್ಟೆಯ ಬಿರಡೆ ಒತ್ತಿ ಚೀಲಕ್ಕೆ ಹಾಕಿಕೊಂಡರು.

ಆ ರಾತ್ರಿ ಉರುಸಿಗೆ ಹೋದಾಗ ಸನ್ನಿಧಿಯಲ್ಲಿ ದೀಪ ಉರಿಯುತ್ತಿತ್ತು. ಹಳ್ಳದಿಂದ ನೀರು ತರುವವರ ಸಾಲು ಇನ್ನೂ ಕರಗಿರಲಿಲ್ಲ. ಅವರ ಪಕ್ಕದಲ್ಲಿಯೇ ನಮ್ಮ ಗಿರಣಿಯ ಹಿಟ್ಟಿನ ಬುಟ್ಟಿಗಳು ಮನೆಯ ಕಡೆ ಹೊರಟಿದ್ದವು.